ಟಿಸಿಯೊಳಗಿನ ಕಾಗದ: ಪಲ್ಪಿನ ಗುಣಕ್ಕೂ ಕರೆಂಟಿಗೂ ಏನು ಸಂಬಂಧ?

ಹೊಲದ ಬದುವಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿತೆಂದರೆ ನಮ್ಮ ಕಡೆ ಬೈಗುಳ ಮೂರು ಪಾಲಾಗುತ್ತದೆ. ಲೋಡು ಹೆಚ್ಚು ಮಾಡಿದ ಪಕ್ಕದ ಹೊಲದವನಿಗೆ ಒಂದು ಪಾಲು, ಲೈನ್‌ಮನ್‌ಗೆ ಒಂದು, ಉಳಿದದ್ದು ಸರ್ಕಾರಕ್ಕೆ. ಒಳಗಿದ್ದ ಕಾಗದವನ್ನು ಯಾರೂ ಬೈಯುವುದಿಲ್ಲ, ಏಕೆಂದರೆ ಅಲ್ಲಿ ಕಾಗದ ಇದೆ ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ರಿಪೇರಿ ಕೇಂದ್ರದಲ್ಲಿ ಟ್ಯಾಂಕ್ ಬಿಚ್ಚಿ, ಎಣ್ಣೆ ಸೋರಿಸಿ, ಕಾಯಿಲನ್ನು ಮೇಲೆತ್ತಿದಾಗ ಅದು ಕಣ್ಣಿಗೆ ಬೀಳುತ್ತದೆ. ಅಲ್ಯೂಮಿನಿಯಂ ಪಟ್ಟಿಗೆ ಎರಡು ಸುತ್ತು ಕಂದು ಕಾಗದ ಹೊದಿಸಿರುತ್ತಾರೆ. ಕೆಲಸಗಾರರು ಅದಕ್ಕೆ ಡಿಪಿಸಿ ಎನ್ನುತ್ತಾರೆ. ಪದರ ಪದರದ ನಡುವೆ ಇನ್ನಷ್ಟು ಕಾಗದ, ಕಾಯಿಲಿಗೂ ಕೋರಿಗೂ ನಡುವೆ ಪ್ರೆಸ್‌ಬೋರ್ಡ್ ಎಂಬ ದಪ್ಪ ರಟ್ಟು. ಸರಿಯಿದ್ದ ಕಾಗದವನ್ನು ಹರಿಯಬೇಕಾದರೆ ಬೆರಳಿಗೆ ಬಲ ಬೇಕು. ಕಾದು ಕಾದು ಮುಪ್ಪಾದದ್ದು ಕಪ್ಪಾಗಿ, ಮಡಿಸಿದ ಕಡೆ ಸೀಳಿ, ಉಗುರು ತಾಗಿದರೆ ಪುಡಿಯಾಗಿ ಉದುರುತ್ತದೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಈ ಕಾಗದದ ಪ್ರಶ್ನೆ ಎರಡು ಕಡೆಯಿಂದ ಎದ್ದುಬರುತ್ತದೆ. ಕೃಷ್ಣಾ, ಘಟಪ್ರಭಾ ದಂಡೆಯ ಈ ನೆಲದ ಕಬ್ಬು ಬಹುಪಾಲು ಪಂಪ್‌ಸೆಟ್ಟಿನ ನೀರು ಕುಡಿದು ಬೆಳೆದದ್ದು. ಸರ್ಕಾರಕ್ಕೆ ಕಾದು ಕೂರದೆ 1989ರಲ್ಲಿ ರೈತರೇ ಕೂಡಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿಕೊಂಡರು. ಅಲ್ಲಿ ನೀರು ನಿಂತದ್ದೇ ತಡ, ದಂಡೆಯುದ್ದಕ್ಕೂ ಮೋಟಾರುಗಳು ಬಂದವು. ಮೋಟಾರಿನ ಬೆನ್ನಿಗೆ ಟಿಸಿ ಬಂತು, ಟಿಸಿಯ ಹೊಟ್ಟೆಯಲ್ಲಿ ಹೊರದೇಶದ ಪೈನ್ ಮರದ ಕಾಗದ ಬಂತು. ಇನ್ನೊಂದು ಕಡೆ ಸಮೀರವಾಡಿಯಿಂದ ಮುಧೋಳದವರೆಗೆ ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಬಗ್ಯಾಸು ಗುಡ್ಡೆ ಬಿದ್ದಿರುತ್ತದೆ. ಕಾಗದ ಮಾಡಲು ಬರುವ ನಾರು ಅದು. ಹೊರಗಿನಿಂದ ತರುವುದೇಕೆ, ನಮ್ಮ ಕಬ್ಬಿನ ಸಿಪ್ಪೆಯಿಂದಲೇ ಟಿಸಿಯ ಕಾಗದ ಆಗದೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ನೂರು ವರ್ಷದ ಒಂದು ವಾದದೊಳಗೆ ಇಳಿಯಬೇಕಾಗುತ್ತದೆ. ಕಾಗದದ ವಿದ್ಯುತ್ ಗುಣವನ್ನು ನಿರ್ಧರಿಸುವುದು ಪಲ್ಪಿನಲ್ಲಿರುವ, ಅಂದರೆ ಕಾಗದವಾಗುವ ನಾರಿನ ಮುದ್ದೆಯಲ್ಲಿರುವ, ಯಾವ ಅಂಶ? ಈ ಬಗ್ಗೆ ಬಲ್ಲವರಲ್ಲಿಯೇ ಒಂದು ಮಾತಿಲ್ಲ.

ಹಳೆಯ ಹಗ್ಗದಿಂದ ಪೈನ್ ಮರಕ್ಕೆ

1890ರ ಸುಮಾರಿಗೆ ಸೆಬಾಸ್ಟಿಯನ್ ಫೆರಾಂಟಿ ಎಂಬ ಇಂಜಿನಿಯರ್ ಡೆಪ್ಟ್‌ಫರ್ಡ್ ವಿದ್ಯುತ್ ಕೇಂದ್ರದಿಂದ ಲಂಡನ್ ನಗರಕ್ಕೆ 10,000 ವೋಲ್ಟಿನ ಕೇಬಲ್ ಹಾಕಿದ. ರಬ್ಬರನ್ನೂ ಗಟ್ಟಾಪರ್ಚಾ ಎಂಬ ಮರದ ಅಂಟನ್ನೂ ನಂಬುತ್ತಿದ್ದ ಕಾಲ ಅದು. ಫೆರಾಂಟಿ ಒಂದರೊಳಗೊಂದು ತಾಮ್ರದ ಕೊಳವೆ ಇಟ್ಟು, ನಡುವೆ ಓಝೋಕರೈಟ್ ಎಂಬ ನೆಲಮೇಣದಲ್ಲಿ ಅದ್ದಿದ ಕಂದು ಕಾಗದ ತುಂಬಿದ. ಅಷ್ಟು ವೋಲ್ಟೇಜಿಗೆ ಕಾಗದವೇ ಎಂದು ನಕ್ಕವರಿದ್ದರು. ಕೇಬಲ್ ಮಾತ್ರ ದಶಕಗಳ ಕಾಲ ಕೆಲಸ ಮಾಡಿತು.

ಆರಂಭದ ಕೇಬಲ್ ಕಾಗದ ಮರದ್ದಾಗಿರಲಿಲ್ಲ. ಹಡಗಿನಲ್ಲಿ ಬಳಸಿ ಸವೆದ ಮನಿಲಾ ಹಗ್ಗವನ್ನು, ಅಂದರೆ ಬಾಳೆಯ ಜಾತಿಗೆ ಸೇರಿದ ಅಬಕಾ ಗಿಡದ ನಾರನ್ನು, ಕುದಿಸಿ ಮಾಡಿದ ಕಾಗದಕ್ಕೆ ಹೆಚ್ಚು ಬೆಲೆಯಿತ್ತು. ಹತ್ತಿಯ ಚಿಂದಿಯ ಕಾಗದವೂ ನಡೆಯುತ್ತಿತ್ತು. ಹಗ್ಗ, ಚಿಂದಿ ಎರಡೂ ಸಾಲದೆ ಹೋದಾಗ ಕಣ್ಣು ಮರದ ಕಡೆ ಹೊರಳಿತು. ಆಮ್ಲದಲ್ಲಿ ಬೇಯಿಸಿದ ಸಲ್ಫೈಟ್ ಪಲ್ಪು ಬೆಳ್ಳಗಿತ್ತು, ಸುಲಭವಾಗಿ ಸಿಗುತ್ತಿತ್ತು, ಆದರೆ ಶಾಖಕ್ಕೆ ಬೇಗ ಸೋಲುತ್ತಿತ್ತು. ಡಾನ್‌ಜಿಗ್ ನಗರದಲ್ಲಿ ಕಾರ್ಲ್ ಡಾಲ್ 1879ರಲ್ಲಿ ರೂಪಿಸಿದ ಕ್ರಾಫ್ಟ್ ವಿಧಾನದಲ್ಲಿ ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಬೇಯಿಸುತ್ತಾರೆ. ಕಾಗದ ಕಂದಾಗಿ ಬಂದರೂ ನಾರು ಗಟ್ಟಿ ಉಳಿಯುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧ ಮುಗಿಯುವಷ್ಟರಲ್ಲಿ ಟ್ರಾನ್ಸ್‌ಫಾರ್ಮರ್, ಕೇಬಲ್, ಕೆಪಾಸಿಟರ್ ಮೂರನ್ನೂ ಉತ್ತರದ ಚಳಿನಾಡುಗಳಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್ ಮತ್ತು ಪೈನ್ ಮರಗಳ ಕ್ರಾಫ್ಟ್ ಕಾಗದ ಆಕ್ರಮಿಸಿಕೊಂಡಿತ್ತು.

ಕರ್ನಾಟಕದಲ್ಲಿ ದೊಡ್ಡ ಪ್ರಮಾಣದ ವಿದ್ಯುತ್ ಶುರುವಾದದ್ದು 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ. ಟ್ರಾನ್ಸ್‌ಫಾರ್ಮರ್ ತಯಾರಿಕೆಗೆ 1933ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾರ್ಖಾನೆ ಬಂತು. ಇಂದಿನ ಕವಿಕಾ ಅದೇ. ರಾಮನಗರದಲ್ಲಿ ಪ್ರೆಸ್‌ಬೋರ್ಡ್ ಮಾಡುವ ಕಾರ್ಖಾನೆಯೂ ಇದೆ. ಆದರೂ ಒಳ್ಳೆಯ ದರ್ಜೆಯ ಇನ್ಸುಲೇಷನ್ ಕಾಗದ, ಇಲ್ಲವೇ ಅದಕ್ಕೆ ಬೇಕಾದ ಪಲ್ಪು, ಬಹುಪಾಲು ಹೊರಗಿನಿಂದಲೇ ಬರುತ್ತದೆ. ಹಿಮಾಲಯದ ಕಡೆ ಬಿಟ್ಟರೆ ನಮ್ಮಲ್ಲಿ ಆ ಜಾತಿಯ ಮರಗಳು ವಿರಳ.

ಪಲ್ಪಿನೊಳಗೆ ಇರುವುದು ಯಾರು ಯಾರು

ಪೈನ್ ಮರದಲ್ಲಿ ನೂರಕ್ಕೆ 40ರಿಂದ 45 ಪಾಲು ಸೆಲ್ಯುಲೋಸ್, ಕಾಲು ಪಾಲಿನ ಆಸುಪಾಸು ಹೆಮಿಸೆಲ್ಯುಲೋಸ್, ಅಷ್ಟೇ ಅಥವಾ ತುಸು ಹೆಚ್ಚು ಲಿಗ್ನಿನ್. ಸೆಲ್ಯುಲೋಸ್ ಎಂದರೆ ಗ್ಲೂಕೋಸ್ ಅಣುಗಳ ಉದ್ದನೆಯ ನೇರ ಸರಪಳಿ. ಹೆಮಿಸೆಲ್ಯುಲೋಸ್‌ನದು ಬೇರೆಬೇರೆ ಸಕ್ಕರೆಗಳ ಗಿಡ್ಡ, ಕವಲೊಡೆದ ಸರಪಳಿ. ಅಲ್ಲಲ್ಲಿ ಆಮ್ಲ ಗುಂಪುಗಳು ಅಂಟಿಕೊಂಡಿರುತ್ತವೆ. ಲಿಗ್ನಿನ್ ಸಕ್ಕರೆಯ ಜಾತಿಯೇ ಅಲ್ಲ, ನಾರುಗಳನ್ನು ಬೆಸೆದಿಟ್ಟ ಫೀನಾಲ್ ಬಗೆಯ ಗೋಂದು. ಕ್ರಾಫ್ಟ್ ಅಡುಗೆಯಲ್ಲಿ ಲಿಗ್ನಿನ್‌ನ ಬಹುಭಾಗವೂ ಹೆಮಿಸೆಲ್ಯುಲೋಸ್‌ನ ಒಂದು ಭಾಗವೂ ಕರಗಿ ಹೋಗುತ್ತವೆ. ಉಳಿಯುವ ಕಂದು ಪಲ್ಪಿನಲ್ಲಿ ಸೆಲ್ಯುಲೋಸ್‌ನದೇ ಸಿಂಹಪಾಲು. ಲಿಗ್ನಿನ್ ನೂರಕ್ಕೆ ಕೆಲವೇ ಪಾಲು. ಇವುಗಳ ಜೊತೆಗೆ, ಯಾರೂ ಕರೆಯದೆ ಬಂದು ಕೂತ ಬೂದಿ, ಲವಣ ಮತ್ತು ನೀರು.

ವಿದ್ಯುತ್ ಗುಣ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಗೊಂದಲ ಹುಟ್ಟುವುದು ಅಲ್ಲಿಯೇ. ಎಷ್ಟು ವೋಲ್ಟೇಜಿಗೆ ಕಾಗದ ಸಿಡಿಯುತ್ತದೆ ಎಂಬುದು ಒಂದು ಗುಣ. ಎಸಿ ವಿದ್ಯುತ್ತಿನಲ್ಲಿ ಕಾಗದವೇ ಎಷ್ಟು ಶಕ್ತಿ ತಿಂದು ಬಿಸಿಯಾಗುತ್ತದೆ ಎಂಬುದು ಇನ್ನೊಂದು. ವಿದ್ಯುತ್ ಕ್ಷೇತ್ರವನ್ನು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಡೈಎಲೆಕ್ಟ್ರಿಕ್ ಸ್ಥಿರಾಂಕ ಮೂರನೆಯದು. ಇಪ್ಪತ್ತು ವರ್ಷ ಬಿಸಿ ಎಣ್ಣೆಯಲ್ಲಿ ಮುಳುಗಿದ್ದರೂ ಇವೆಲ್ಲ ಉಳಿಯುತ್ತವೆಯೇ ಎಂಬುದು ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮುಂದೆ ಹೇಳುವ ಒಂದೊಂದು ಪಂಥವೂ ಇವುಗಳಲ್ಲಿ ಒಂದನ್ನು ಚೆನ್ನಾಗಿ ವಿವರಿಸುತ್ತದೆ, ಉಳಿದವುಗಳ ಬಳಿ ಬಂದಾಗ ತಡವರಿಸುತ್ತದೆ.

ಶುದ್ಧಿವಾದಿಗಳು

ಮೊದಲ ಪಂಥದ ಮಾತು ಸರಳ. ಸೆಲ್ಯುಲೋಸ್ ಹೆಚ್ಚಿದ್ದಷ್ಟೂ ಒಳ್ಳೆಯದು, ಉಳಿದದ್ದೆಲ್ಲ ಕಸ. ಹತ್ತಿಯ ಕಾಗದ ಯಾಕೆ ಅಷ್ಟು ಚೆನ್ನಾಗಿ ಬಾಳಿತು ಎಂಬುದಕ್ಕೆ ಇದು ಉತ್ತರ ಕೊಡುತ್ತದೆ. ಹತ್ತಿಯ ನಾರಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಸೆಲ್ಯುಲೋಸ್ ಇದೆ, ಲಿಗ್ನಿನ್ ಇಲ್ಲವೆಂದೇ ಹೇಳಬೇಕು. ಸ್ವಿಟ್ಜರ್ಲೆಂಡಿನ ರಾಪರ್ಸ್‌ವಿಲ್‌ನಲ್ಲಿ 1877ರಲ್ಲಿ ಆರಂಭವಾದ ವೈಡ್‌ಮನ್ ಕಂಪನಿ ಮುಂದೆ ಟ್ರಾನ್ಸ್‌ಫಾರ್ಮರ್ ರಟ್ಟಿಗೆ ಜಗತ್ತಿನಲ್ಲೆಲ್ಲ ಹೆಸರಾಯಿತು. ಹಳೆಯ ಕಾಲದ ಪ್ರೆಸ್‌ಬೋರ್ಡಿನಲ್ಲಿ ಹತ್ತಿಯ ನಾರಿಗೆ ದೊಡ್ಡ ಪಾತ್ರವಿತ್ತು.

ಆದರೆ ಒಂದು ಸಂಗತಿ ಇವರ ಲೆಕ್ಕಕ್ಕೆ ಸಿಗುವುದಿಲ್ಲ. ಕಂದು ಪಲ್ಪನ್ನು ಬ್ಲೀಚ್ ಮಾಡಿ ಲಿಗ್ನಿನ್ ತೆಗೆದರೆ ಸೆಲ್ಯುಲೋಸ್ ಪಾಲು ಹೆಚ್ಚುತ್ತದೆ. ಹಾಗಾದರೆ ಬಿಳಿ ಕಾಗದ ಕಂದು ಕಾಗದಕ್ಕಿಂತ ಉತ್ತಮವಾಗಬೇಕಿತ್ತು. ಆಗಲಿಲ್ಲ. ಬ್ಲೀಚಿಂಗ್ ಸೆಲ್ಯುಲೋಸ್ ಸರಪಳಿಗಳನ್ನೂ ತುಂಡರಿಸುತ್ತದೆ, ಹೊಸ ಆಮ್ಲ ಗುಂಪುಗಳನ್ನು ಹುಟ್ಟಿಸುತ್ತದೆ. ಕ್ಲೋರಿನ್ ಬಳಸಿದ್ದರೆ ಕ್ಲೋರೈಡ್ ಉಳಿಯುತ್ತದೆ. ಹೀಗಾಗಿಯೇ ಟಿಸಿಯ ಕಾಗದ ಇಂದಿಗೂ ಕಂದು.

ಉಪ್ಪು ಮತ್ತು ನೀರಿನ ಪಂಥ

ಎರಡನೆಯ ಪಂಥದ ಕಥೆ ರಬಕವಿ-ಬನಹಟ್ಟಿಯ ನೇಕಾರರಿಗೆ ಹಿಡಿಸಬಹುದು, ಅದು ಶುರುವಾಗುವುದೇ ನೂಲಿನಿಂದ. 1920ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರಿಗೆ ಟೆಲಿಫೋನ್ ತಂತಿಗೆ ಸುತ್ತುವ ರೇಷ್ಮೆ ದುಬಾರಿಯಾಗಿತ್ತು. ಹತ್ತಿ ಅಗ್ಗ, ಆದರೆ ಮಳೆಗಾಲದ ತೇವದಲ್ಲಿ ಕರೆಂಟು ಸೋರುತ್ತಿತ್ತು. ಆರ್. ಆರ್. ವಿಲಿಯಮ್ಸ್ ಮತ್ತು ಇ. ಜೆ. ಮರ್ಫಿ 1929ರಲ್ಲಿ ಪ್ರಕಟಿಸಿದ ಫಲಿತಾಂಶ ಎಷ್ಟು ಸರಳವೆಂದರೆ ಮೊದಲ ಓದಿಗೆ ನಂಬಿಕೆ ಬರುವುದಿಲ್ಲ. ನೂಲನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಗಿಡದಲ್ಲಿಯೇ ಸೇರಿಕೊಂಡಿದ್ದ ಲವಣಗಳನ್ನು ತೆಗೆದರೆ ಅದರ ವಿದ್ಯುತ್ ತಡೆ ಹತ್ತಾರು ಪಟ್ಟು ಏರುತ್ತದೆ. ಸೋರಿಕೆ ಆಗುತ್ತಿದ್ದದ್ದು ನಾರಿನ ಮೂಲಕವಲ್ಲ, ನಾರು ಹಿಡಿದಿಟ್ಟ ನೀರಿನಲ್ಲಿ ಕರಗಿದ ಉಪ್ಪಿನ ಮೂಲಕ. (ಈ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ. ಮುಂದೆ ಬಿ1 ಜೀವಸತ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಹೆಸರಾದವರೂ ಇವರೇ.)

ಅದೇ ಸೂತ್ರ ಕಾಗದಕ್ಕೂ ಬಂತು. ಹೆಮಿಸೆಲ್ಯುಲೋಸ್‌ನ ಆಮ್ಲ ಗುಂಪುಗಳಿಗೆ ಅಡುಗೆಯ ದ್ರಾವಣದ ಸೋಡಿಯಂ ಬಂದು ಅಂಟಿಕೊಳ್ಳುತ್ತದೆ. ಕ್ರಾಫ್ಟ್ ಎಂದರೆ ಸೋಡಿಯಂನಲ್ಲೇ ಬೇಯುವುದಾದ್ದರಿಂದ ಇದನ್ನು ತಪ್ಪಿಸಲಾಗದು. ಬಿಸಿಯೇರಿದಾಗ ಈ ಸೋಡಿಯಂ ಅಯಾನುಗಳು ಎಸಿ ಕ್ಷೇತ್ರದ ಜೊತೆ ಅತ್ತಿತ್ತ ಓಡಾಡುತ್ತವೆ, ಶಕ್ತಿ ಶಾಖವಾಗಿ ವ್ಯಯವಾಗುತ್ತದೆ. ಶಾಖ ಹೆಚ್ಚಿದಂತೆ ಓಡಾಟವೂ ಹೆಚ್ಚು. ಸೋಡಿಯಂ ಬದಲು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕೂರಿಸಿದರೆ ಅವು ಎರಡು ಕೈಯಿಂದ ಹಿಡಿದುಕೊಂಡು ಅಲುಗಾಡದೆ ಇರುತ್ತವೆ, ನಷ್ಟ ಇಳಿಯುತ್ತದೆ. ಒಳ್ಳೆಯ ಕೆಪಾಸಿಟರ್ ಕಾಗದದ ಗಿರಣಿಗಳು ಲವಣ ತೆಗೆದ ನೀರಿನಲ್ಲಿ ಪಲ್ಪು ತೊಳೆಯುವುದು ಇದಕ್ಕಾಗಿ. ಇನ್ಸುಲೇಷನ್ ಕಾಗದದ ಭಾರತೀಯ ಮಾನಕ ಐಎಸ್ 9335ರ ಪರೀಕ್ಷೆಗಳಲ್ಲಿ ಕಾಗದವನ್ನು ನೀರಿನಲ್ಲಿ ನೆನೆಸಿ, ಆ ನೀರಿನ ವಿದ್ಯುದ್ವಾಹಕತೆ ಅಳೆಯುವುದು ಸೇರಿರುವುದಕ್ಕೂ ಇದೇ ಕಾರಣ.

ನನಗೆ ಈ ಪಂಥವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಸೆಲ್ಯುಲೋಸ್ ಎಷ್ಟು, ಲಿಗ್ನಿನ್ ಎಷ್ಟು ಎಂಬ ಲೆಕ್ಕ ಒಂದು ಮಿತಿಯವರೆಗೆ ಮಾತ್ರ ಮಾತಾಡುತ್ತದೆ. ಆ ನಾರಿಗೆ ಏನು ಅಂಟಿಕೊಂಡಿದೆ, ಎಷ್ಟು ನೀರು ಅಡಗಿದೆ ಎಂಬುದು ಅದಕ್ಕಿಂತ ಹೆಚ್ಚು ಹೇಳುತ್ತದೆ. ಹೊರಗೆ ಗಾಳಿಗಿಟ್ಟ ಕಾಗದ ತೂಕದ ನೂರಕ್ಕೆ 6ರಿಂದ 8 ಪಾಲು ನೀರು ಹಿಡಿದಿರುತ್ತದೆ. ಟ್ರಾನ್ಸ್‌ಫಾರ್ಮರಿಗೆ ಎಣ್ಣೆ ತುಂಬುವ ಮುನ್ನ ಕಾಯಿಲನ್ನು ಒಲೆಯಲ್ಲಿಟ್ಟು ಅದನ್ನು ನೂರಕ್ಕೆ ಅರ್ಧ ಪಾಲಿನ ಆಸುಪಾಸಿಗೆ ಇಳಿಸುತ್ತಾರೆ. ಒಣ ಸೆಲ್ಯುಲೋಸ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ ಆರರ ಆಸುಪಾಸು, ನೀರಿನದು ಸುಮಾರು 80. ಒಂದು ಪಾಲು ನೀರು ಹೆಚ್ಚಾದರೆ ಪಲ್ಪಿನ ಜಾತಿಯ ವ್ಯತ್ಯಾಸವೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ.

ಹೆಣಿಗೆಯೇ ಮುಖ್ಯ ಎನ್ನುವವರು

ಮೂರನೆಯವರು ರಸಾಯನವನ್ನು ಬದಿಗಿಟ್ಟು ಕಾಗದದ ಒಳರಚನೆ ನೋಡುತ್ತಾರೆ. ಕಾಗದದೊಳಗೆ ನಾರಿಗಿಂತ ಸಂದು ಹೆಚ್ಚಿರಬಹುದು. ಆ ಸಂದಿನಲ್ಲಿ ಗಾಳಿಯೋ ಎಣ್ಣೆಯೋ ಇರುತ್ತದೆ. ಖನಿಜ ಎಣ್ಣೆಯ ಸ್ಥಿರಾಂಕ 2.2, ಗಾಳಿಯದು 1. ಎಸಿ ಕ್ಷೇತ್ರದ ಒತ್ತಡವೆಲ್ಲ ಸ್ಥಿರಾಂಕ ಕಡಿಮೆಯಿದ್ದ ಕಡೆಗೇ ಬೀಳುತ್ತದೆ. ಹಾಗಾಗಿ ಕಾಗದ ಸಿಡಿಯುವುದು ನಾರಿನಿಂದಲ್ಲ, ಸಂದಿನಿಂದ. ಪಲ್ಪನ್ನು ಹೆಚ್ಚು ಬಡಿದು ನಾರಿನ ಎಳೆ ಬಿಡಿಸಿದರೆ ಹಾಳೆ ಒತ್ತೊತ್ತಾಗಿ ಕೂಡುತ್ತದೆ, ಸಂದು ಕಿರಿದಾಗುತ್ತದೆ, ಸಿಡಿಯುವ ವೋಲ್ಟೇಜ್ ಏರುತ್ತದೆ. ಆದರೆ ಸಾಂದ್ರತೆ ಏರಿದಂತೆ ಸ್ಥಿರಾಂಕವೂ ನಷ್ಟವೂ ಏರುತ್ತವೆ, ಎಣ್ಣೆ ಒಳಹೋಗುವುದು ಕಷ್ಟವಾಗುತ್ತದೆ.

ಈ ಪಂಥದಲ್ಲಿ ಪಲ್ಪಿನ ಸಂಯೋಜನೆಗೆ ಪಾತ್ರವಿಲ್ಲವೆಂದಲ್ಲ. ಹೆಮಿಸೆಲ್ಯುಲೋಸ್ ಇದ್ದರೆ ನಾರು ಬಡಿತಕ್ಕೆ ಬೇಗ ಬಗ್ಗುತ್ತದೆ, ಹಾಳೆ ಬಿಗಿಯಾಗಿ ಕೂಡುತ್ತದೆ. ಶುದ್ಧಿವಾದಿಗಳು ಕಸವೆಂದದ್ದು ಇಲ್ಲಿ ಉಪಕಾರಿ.

ಲಿಗ್ನಿನ್ ಜಗಳ

ಎಲ್ಲಕ್ಕಿಂತ ಬಿಸಿಯಾಗಿರುವ ವಾದ ಇದು. ಲಿಗ್ನಿನ್ ಬೇಡ ಎನ್ನುವವರು ಸುದ್ದಿ ಕಾಗದವನ್ನು ತೋರಿಸುತ್ತಾರೆ. ಮರವನ್ನು ಅರೆದು ಮಾಡಿದ ಆ ಕಾಗದದಲ್ಲಿ ಲಿಗ್ನಿನ್ ಪೂರಾ ಉಳಿದಿರುತ್ತದೆ, ಕೆಲವೇ ದಿನ ಬಿಸಿಲಿಗಿಟ್ಟರೆ ಹಳದಿಯಾಗಿ ಮುರಿಯುತ್ತದೆ. ಲಿಗ್ನಿನ್ ಆಕ್ಸಿಜನ್ನಿಗೆ ಸಿಕ್ಕಿ ಆಮ್ಲವಾಗುತ್ತದೆ, ಆಮ್ಲ ಸೆಲ್ಯುಲೋಸನ್ನು ಕತ್ತರಿಸುತ್ತದೆ ಎಂಬುದು ಅವರ ವಾದ.

ಬೇಕು ಎನ್ನುವವರ ಬಳಿಯೂ ಬಲವಾದ ಕಾರಣಗಳಿವೆ. ಲಿಗ್ನಿನ್ ನೀರನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ. ಅದರ ಫೀನಾಲ್ ಗುಂಪುಗಳು ಉತ್ಕರ್ಷಣೆಯನ್ನು ತಾವೇ ಮೊದಲು ಎದುರಿಸಿ ಸೆಲ್ಯುಲೋಸನ್ನು ಕಾಯುತ್ತವೆ. ಟ್ರಾನ್ಸ್‌ಫಾರ್ಮರಿನೊಳಗೆ ಬಿಸಿಲಿಲ್ಲ, ಆಕ್ಸಿಜನ್ ಕಡಿಮೆ. ಸುದ್ದಿ ಕಾಗದದ ಉದಾಹರಣೆ ಅಲ್ಲಿಗೆ ಹೊಂದುವುದಿಲ್ಲ. ಸ್ಟಾಕ್‌ಹೋಮ್‌ನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಹೊಲ್ಲರ್ಟ್ಜ್ ಮತ್ತು ಸಂಗಡಿಗರು 2010ರ ದಶಕದಲ್ಲಿ ಲಿಗ್ನಿನ್ನನ್ನೂ ಗ್ಲೂಕೋಮನ್ನನ್ ಎಂಬ ಹೆಮಿಸೆಲ್ಯುಲೋಸನ್ನೂ ಬೇರೆಬೇರೆಯಾಗಿ ತೆಳು ಪದರ ಮಾಡಿ ಅವುಗಳ ಡೈಎಲೆಕ್ಟ್ರಿಕ್ ಗುಣ ಅಳೆದರು. ಹಾಳೆಯನ್ನು ಇಡಿಯಾಗಿ ಅಳೆದು ಘಟಕಗಳ ಮೇಲೆ ಊಹೆ ಕಟ್ಟುತ್ತಿದ್ದ ಕ್ಷೇತ್ರಕ್ಕೆ ಇದು ಬೇಕಾದ ಹೆಜ್ಜೆಯಾಗಿತ್ತು. ಆದರೆ ತೆಳು ಪದರದ ಲಿಗ್ನಿನ್ ಬೇರೆ, ಕ್ರಾಫ್ಟ್ ಅಡುಗೆಯಲ್ಲಿ ಬೆಂದು ಸೋಡಿಯಂ ಮೆತ್ತಿಕೊಂಡು ನಾರಿನ ಗೋಡೆಯಲ್ಲಿ ಉಳಿದ ಲಿಗ್ನಿನ್ ಬೇರೆ. ನನಗನ್ನಿಸುವುದು, ಕಡಿಮೆ ಲಿಗ್ನಿನ್ ಒಳ್ಳೆಯದು ಎಂಬ ಹಳೆಯ ನಂಬಿಕೆಯ ಅರ್ಧ ಭಾಗ, ಲಿಗ್ನಿನ್ ತೆಗೆಯುವಾಗ ಜೊತೆಗೇ ತೊಳೆದುಹೋದ ಉಪ್ಪಿಗೆ ಸಲ್ಲಬೇಕಾದ ಶ್ರೇಯಸ್ಸು.

ಮುಪ್ಪಿನ ಲೆಕ್ಕ

11,000 ವೋಲ್ಟಿನ ಹಳ್ಳಿಯ ಟಿಸಿಯಲ್ಲಿ ಡೈಎಲೆಕ್ಟ್ರಿಕ್ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಅದು ತಲೆನೋವಾಗುವುದು ಕೆಪಾಸಿಟರಿನಲ್ಲಿ, 220 ಅಥವಾ 400 ಕಿಲೋವೋಲ್ಟಿನ ಉಪಕರಣಗಳಲ್ಲಿ. ನಮ್ಮ ಟಿಸಿಯ ಕಾಗದಕ್ಕೆ ಕುತ್ತು ಬರುವುದು ಮುಪ್ಪಿನಿಂದ. ಆದ್ದರಿಂದ ಈ ನಾಲ್ಕು ತಾಲೂಕುಗಳಿಗೆ ಸಂಬಂಧಿಸಿದ ಭಾಗ ಇದೇ.

ಹೊಸ ಕಾಗದದ ಒಂದು ಸೆಲ್ಯುಲೋಸ್ ಸರಪಳಿಯಲ್ಲಿ ಸರಾಸರಿ 1000ದಿಂದ 1200 ಗ್ಲೂಕೋಸ್ ಕೊಂಡಿಗಳಿರುತ್ತವೆ. ಶಾಖ, ನೀರು, ಆಮ್ಲ ಮೂರೂ ಸೇರಿ ಅದನ್ನು ತುಂಡರಿಸುತ್ತ ಹೋಗುತ್ತವೆ. ಸಂಖ್ಯೆ 200ಕ್ಕೆ ಇಳಿದರೆ ಕಾಗದದ ಆಯುಷ್ಯ ಮುಗಿಯಿತೆಂದು ಲೆಕ್ಕ. ಅಚ್ಚರಿಯೆಂದರೆ ಆಗಲೂ ಅದು ವೋಲ್ಟೇಜನ್ನು ತಡೆಯುತ್ತದೆ. ಹೋಗಿರುವುದು ಗಟ್ಟಿತನ. ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಶಾರ್ಟ್ ಆದಾಗ ಕಾಯಿಲು ಒಳಗೇ ಅದುರುತ್ತದೆ, ಸೀಳಿದ ಕಾಗದ ಜಾರುತ್ತದೆ, ಸುತ್ತಿಗೆ ಸುತ್ತು ತಾಗುತ್ತದೆ, ಟಿಸಿ ಹೋಗುತ್ತದೆ.

1930ರಲ್ಲಿ ಅಮೆರಿಕದ ಮಾಂಟ್‌ಸಿಂಗರ್ ಪ್ರತಿ 8 ಡಿಗ್ರಿ ಸೆಲ್ಸಿಯಸ್ ಹೆಚ್ಚಳಕ್ಕೆ ಇನ್ಸುಲೇಷನ್ ಆಯುಷ್ಯ ಅರ್ಧವಾಗುತ್ತದೆ ಎಂಬ ಸೂತ್ರ ಕೊಟ್ಟರು. 1948ರಲ್ಲಿ ಡೇಕಿನ್ ಅದನ್ನು ರಾಸಾಯನಿಕ ಕ್ರಿಯೆಯ ವೇಗದ ನಿಯಮಕ್ಕೆ ಜೋಡಿಸಿದರು. ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಕ್ರಾಫ್ಟ್ ಕಾಗದಕ್ಕೆ 98 ಡಿಗ್ರಿಯನ್ನು ಮಟ್ಟವಾಗಿ ಹಿಡಿದು, ಅಲ್ಲಿಂದ ಪ್ರತಿ 6 ಡಿಗ್ರಿಗೆ ಮುಪ್ಪಿನ ವೇಗ ಇಮ್ಮಡಿ ಎನ್ನುತ್ತದೆ. ಆ ಪ್ರಕಾರ ಎಡೆಬಿಡದೆ 18 ಡಿಗ್ರಿ ಹೆಚ್ಚು ಕಾದರೆ 20 ವರ್ಷ ಬಾಳಬೇಕಾದ ಕಾಗದ ಎರಡೂವರೆ ವರ್ಷಕ್ಕೆ ಮುಗಿಯುತ್ತದೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ. ಅದರ ಮೇಲೆ, ಮೂರು ಫೇಸ್ ಕರೆಂಟು ಬಂದ ಗಳಿಗೆಯಲ್ಲಿ ಆಟೋ ಸ್ಟಾರ್ಟರ್ ಹಾಕಿದ ಎಲ್ಲ ಮೋಟಾರುಗಳೂ ಒಮ್ಮೆಲೇ ಎಳೆಯುತ್ತವೆ.

ನೀರಿನ ಪಾತ್ರವನ್ನು ಖಚಿತವಾಗಿ ತೋರಿಸಿದವರು ಫ್ರಾನ್ಸಿನ ಫಾಬ್ರ್ ಮತ್ತು ಪಿಶೋನ್, 1960ರಲ್ಲಿ. ಕಾಗದದಲ್ಲಿ ತೇವ ಇಮ್ಮಡಿಯಾದರೆ ಮುಪ್ಪಿನ ವೇಗವೂ ಹೆಚ್ಚುಕಡಿಮೆ ಇಮ್ಮಡಿ. ದಿನಕ್ಕೆ ಕೆಲವೇ ಗಂಟೆ ಲೋಡು ಹೊರುವ ನಮ್ಮ ಟಿಸಿಗಳಲ್ಲಿ ಎಣ್ಣೆ ನಿತ್ಯ ಕಾದು ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ. ಕುಗ್ಗುವಾಗ ಹೊರಗಿನ ಗಾಳಿ ಒಳಗೆ ಬರುತ್ತದೆ. ಆ ಗಾಳಿಯ ತೇವ ಹೀರಲೆಂದೇ ಸಿಲಿಕಾ ಜೆಲ್ ತುಂಬಿದ ಬ್ರೀದರ್ ಇರುವುದು. ನೀಲಿಯಿದ್ದ ಹರಳು ಗುಲಾಬಿಯಾದರೆ ಬದಲಿಸಬೇಕು. ಕಬ್ಬಿನ ಹೊಲದ ನಡುವೆ ನಿಂತ ಟಿಸಿಯ ಬ್ರೀದರನ್ನು ನೋಡಿ ಬಂದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಅರ್ಧ ಕಡೆ ಗಾಜೇ ಇರುವುದಿಲ್ಲ.

ಈ ಮುಪ್ಪಿನಲ್ಲೂ ಪಲ್ಪಿನ ಸಂಯೋಜನೆ ಮಾತಾಡುತ್ತದೆ. ಮೊದಲು ಒಡೆಯುವುದು ಹೆಮಿಸೆಲ್ಯುಲೋಸ್. ಅದರಿಂದ ಹುಟ್ಟಿದ ಆಮ್ಲ ಮತ್ತು ನೀರು ಸೆಲ್ಯುಲೋಸಿನ ಮೇಲೆ ಬೀಳುತ್ತವೆ. ಇದಕ್ಕೆ ಪರಿಹಾರವಾಗಿ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಡೈಸಯನ್‌ಡೈಅಮೈಡ್‌ನಂಥ ಸಾರಜನಕದ ಸಂಯುಕ್ತಗಳನ್ನು ಸೇರಿಸಿದ ಕಾಗದ ಬಂತು. ಮಾರ್ಗಸೂಚಿ ಇದಕ್ಕೆ 98ರ ಬದಲು 110 ಡಿಗ್ರಿಯವರೆಗೆ ಅವಕಾಶ ಕೊಡುತ್ತದೆ. ಮರವನ್ನು ಬದಲಿಸದೆ, ಪಲ್ಪಿಗೆ ಒಂದು ಸೇರ್ಪಡೆ ಮಾಡಿ ಗಳಿಸಿದ 12 ಡಿಗ್ರಿ ಇದು. ಪಲ್ಪಿನ ಜಾತಿಯ ಬಗ್ಗೆ ದಶಕಗಳಿಂದ ವಾದಿಸುವವರು ಈ ಅಂಕಿಯನ್ನು ನೆನಪಿಡುವುದು ಒಳ್ಳೆಯದು.

ಬಗ್ಯಾಸಿನಿಂದ ಆದೀತೇ?

ಒಂದು ಟನ್ ಕಬ್ಬು ಅರೆದರೆ 280ರಿಂದ 300 ಕಿಲೋ ಬಗ್ಯಾಸು ಬರುತ್ತದೆ, ಅರ್ಧ ತೂಕ ನೀರಿನದು. ಅದರಲ್ಲಿ ಕಾಗದ ಮಾಡಿದವರಿದ್ದಾರೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ತನ್ನದೇ ಸಕ್ಕರೆ ಘಟಕ ಇಟ್ಟುಕೊಂಡು ಬಗ್ಯಾಸು ಬಳಸಿತ್ತು. ಅದರ ಯಂತ್ರಗಳು ನಿಂತು ವರ್ಷಗಳಾದವು. ಕರೂರಿನ ಬಳಿಯ ತಮಿಳುನಾಡು ನ್ಯೂಸ್‌ಪ್ರಿಂಟ್ ಕಾರ್ಖಾನೆ 1980ರ ದಶಕದಿಂದ ಬಗ್ಯಾಸಿನ ಮೇಲೇ ನಿಂತಿದೆ. ಬರೆಯುವ, ಮುದ್ರಿಸುವ ಕಾಗದ ಆಗುತ್ತದೆ, ಅದರಲ್ಲಿ ಸಂದೇಹವಿಲ್ಲ. ವಿದ್ಯುತ್ ಕಾಗದದ ಮಾತು ಬಂದಾಗ ಮೂರು ಆಕ್ಷೇಪಗಳು ಬರುತ್ತವೆ.

ನಾರು ಗಿಡ್ಡ ಎಂಬುದು ಮೊದಲನೆಯದು. ಪೈನ್ ನಾರು ಸುಮಾರು 3 ಮಿಲಿಮೀಟರ್, ಬಗ್ಯಾಸಿನದು ಒಂದರಿಂದ ಒಂದೂವರೆ. ತಂತಿಗೆ ಯಂತ್ರದಲ್ಲಿ ಎಳೆದು ಸುತ್ತುವ ಕಾಗದಕ್ಕೆ ಉದ್ದನೆಯ ನಾರೇ ಬೇಕು. ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಎಳೆತವಿಲ್ಲದ ದಪ್ಪ ರಟ್ಟಿನಲ್ಲಿ ಒಂದು ಪಾಲಾಗಿ ಬೆರೆಸುವುದಕ್ಕೆ ಇದು ಅಡ್ಡಿಯಾಗಬೇಕಿಲ್ಲ.

ಬೂದಿ ಹೆಚ್ಚು ಎಂಬುದು ಎರಡನೆಯದು. ಬಗ್ಯಾಸಿನ ಬೂದಿಯ ಬಹುಭಾಗ ಸಿಲಿಕಾ. ಸಿಲಿಕಾ ತಾನಾಗಿ ಒಳ್ಳೆಯ ಅವಾಹಕ. ಅದು ಕಾಡುವುದು ಕಾಗದ ಗಿರಣಿಯ ಯಂತ್ರಗಳನ್ನು, ರಾಸಾಯನಿಕ ಮರುವಸೂಲಿಯನ್ನು. ವಿದ್ಯುತ್ತಿಗೆ ಭಯ ಕಬ್ಬಿನಲ್ಲಿ ಧಾರಾಳವಾಗಿರುವ ಪೊಟ್ಯಾಸಿಯಂನದು. ಅದು ನೀರಿನಲ್ಲಿ ಕರಗುತ್ತದೆ, ತೊಳೆದರೆ ಹೋಗುತ್ತದೆ. ಬೂದಿ ಎಷ್ಟು ಎಂದು ಕೇಳುವುದಕ್ಕಿಂತ ಬೂದಿಯಲ್ಲಿ ಏನು ಎಂದು ಕೇಳಬೇಕು.

ಮೂರನೆಯ ಆಕ್ಷೇಪ ಹೆಮಿಸೆಲ್ಯುಲೋಸ್‌ನದು, ನಿಜವಾದ ತೊಡಕು ಇದೇ. ಬಗ್ಯಾಸಿನ ಕಾಲು ಭಾಗಕ್ಕೂ ಹೆಚ್ಚು ಪೆಂಟೋಸಾನ್, ಅಂದರೆ ಕ್ಸೈಲಾನ್. ಹುಲ್ಲಿನ ಜಾತಿಯ ಕ್ಸೈಲಾನ್‌ನಲ್ಲಿ ಆಮ್ಲ ಗುಂಪುಗಳು ಮರದ್ದಕ್ಕಿಂತ ವಿರಳ ಎಂಬುದು ಬಗ್ಯಾಸಿನ ಪರವಾದ ಅಂಶ, ಸೋಡಿಯಂಗೆ ಕೂರಲು ಜಾಗ ಕಡಿಮೆ. ಆದರೆ ಮುಪ್ಪಿನ ವಿಷಯದಲ್ಲಿ ಕ್ಸೈಲಾನ್ ನಂಬಿಕಸ್ಥನಲ್ಲ. ಶಾಖಕ್ಕೆ ಒಡೆದು ಫರ್ಫ್ಯುರಾಲ್ ಆಗುವುದು ಅದರ ಹಣೆಬರಹ. ದಕ್ಷಿಣ ಆಫ್ರಿಕದ ಸೆಝೇಲಾದಲ್ಲಿ ಬಗ್ಯಾಸಿನಿಂದ ಫರ್ಫ್ಯುರಾಲ್ ತೆಗೆಯುವ ಕಾರ್ಖಾನೆಯೇ ಇದೆ. ಟ್ರಾನ್ಸ್‌ಫಾರ್ಮರ್ ಇಂಜಿನಿಯರರು ಎಣ್ಣೆಯ ಮಾದರಿ ತೆಗೆದು ಹುಡುಕುವುದೂ ಈ ಫರ್ಫ್ಯುರಾಲ್ ಅನ್ನೇ. ಅದು ಎಷ್ಟಿದೆಯೋ ಅಷ್ಟು ಕಾಗದ ಸತ್ತಿದೆ ಎಂದು ಅವರ ಅಂದಾಜು. ಬಗ್ಯಾಸಿನ ರಟ್ಟು ಹಾಕಿದ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಸೆಲ್ಯುಲೋಸ್ ಸರಪಳಿ ಇನ್ನೂ ಗಟ್ಟಿಯಾಗಿದ್ದಾಗಲೇ ಫರ್ಫ್ಯುರಾಲ್ ಏರಿ, ಪರೀಕ್ಷೆ ಸುಳ್ಳು ಹೇಳುವ ಸಂಭವವಿದೆ.

ಇಷ್ಟೆಲ್ಲ ಹೇಳಿದ ಮೇಲೂ, ಬಗ್ಯಾಸಿಗೆ ದಾರಿ ಮುಚ್ಚಿರುವುದು ರಸಾಯನದಿಂದಲ್ಲ ಎಂದೇ ನನ್ನ ಅಭಿಪ್ರಾಯ. ಹಂಗಾಮಿನಲ್ಲಿ ಅದು ನೇರ ಬಾಯ್ಲರಿಗೆ ಹೋಗಿ ಕರೆಂಟಾಗುತ್ತದೆ, ಗ್ರಿಡ್ಡಿಗೆ ಮಾರಿದರೆ ಹಣ ಕೈಗೆ ಬರುತ್ತದೆ. ಸ್ವಲ್ಪವೇ ಬೇಕಾಗುವ, ಪರೀಕ್ಷೆಗಳ ಸಾಲು ದಾಟಬೇಕಾದ ವಿಶೇಷ ಪಲ್ಪಿಗೆ ಯಾವ ಸಕ್ಕರೆ ಕಾರ್ಖಾನೆ ಬಂಡವಾಳ ಹಾಕೀತು?

ಇತ್ಯರ್ಥವಾಗದೆ ಉಳಿದದ್ದು

ಲಿಗ್ನಿನ್ ಎಷ್ಟಿರಬೇಕು ಎಂಬುದಕ್ಕೆ ಒಪ್ಪಿತ ಅಂಕಿ ಇಲ್ಲ. ಅಯಾನು, ತೇವ, ಸಾಂದ್ರತೆ ಮೂರನ್ನೂ ಸಮವಾಗಿಟ್ಟು ಲಿಗ್ನಿನ್ ಒಂದನ್ನೇ ಬದಲಿಸಿದ ಹಾಳೆಗಳನ್ನು ಮಾಡುವುದು ಹೇಳಿದಷ್ಟು ಸುಲಭವಲ್ಲ, ಒಂದನ್ನು ಮುಟ್ಟಿದರೆ ಉಳಿದವು ಅಲುಗುತ್ತವೆ.

ಫರ್ಫ್ಯುರಾಲ್ ಅಳತೆಯನ್ನು ಎಷ್ಟು ನಂಬಬೇಕು ಎಂಬುದೂ ತೀರ್ಮಾನವಾಗಿಲ್ಲ. ಸಾರಜನಕ ಸೇರಿಸಿದ ಕಾಗದ ಅದನ್ನು ಕಡಿಮೆ ಬಿಡುತ್ತದೆ, ಕ್ಸೈಲಾನ್ ಹೆಚ್ಚಿರುವ ಕಾಗದ ಹೆಚ್ಚು ಬಿಡುತ್ತದೆ. ಕೆನಡಾದ ಹೈಡ್ರೋ-ಕ್ಯುಬೆಕ್ ಸಂಶೋಧಕರು 2007ರಲ್ಲಿ ಮೆಥನಾಲನ್ನು ಬದಲಿ ಗುರುತಾಗಿ ಮುಂದಿಟ್ಟರು. ಅದು ಇನ್ನೂ ಎಲ್ಲೆಡೆ ರೂಢಿಗೆ ಬಂದಿಲ್ಲ.

ಖನಿಜ ಎಣ್ಣೆಯ ಬದಲು ಸಸ್ಯಜನ್ಯ ಎಸ್ಟರ್ ಎಣ್ಣೆ ತುಂಬಿದರೆ ಅದು ಕಾಗದದ ನೀರನ್ನು ತನ್ನತ್ತ ಎಳೆದುಕೊಂಡು ಮುಪ್ಪನ್ನು ನಿಧಾನಿಸುತ್ತದೆ. ನಮ್ಮ ಹೊಂಗೆ ಎಣ್ಣೆಯ ಮೇಲೂ ಪ್ರಯೋಗಗಳು ನಡೆದಿವೆ. ಹಾಗಾದರೆ ಖನಿಜ ಎಣ್ಣೆಯ ಕಾಲದಲ್ಲಿ ಕಟ್ಟಿದ ಪಲ್ಪಿನ ನಿಯಮಗಳು ಅಲ್ಲೂ ನಡೆಯುತ್ತವೆಯೇ? ಕ್ಸೈಲಾನ್ ಹೆಚ್ಚಿದ್ದರೂ ಎಸ್ಟರ್ ಅದನ್ನು ಕಾಯಬಲ್ಲದೇ? ರಸಾಯನದ ಮಟ್ಟಿಗೆ ಬಗ್ಯಾಸಿನ ಹಣೆಬರಹ ಈ ಉತ್ತರದ ಮೇಲೆ ನಿಂತಿದೆ.

ಇನ್ನೊಂದು ಪ್ರಶ್ನೆ ನಮ್ಮ ನೆಲದ್ದೇ. ನೀರು ಹೆಚ್ಚಾಗಿ ಸವಳು-ಜವಳಾದ ಹೊಲಗಳು ಕೃಷ್ಣಾ, ಘಟಪ್ರಭಾ ಅಚ್ಚುಕಟ್ಟಿನಲ್ಲಿ ಕಡಿಮೆಯಿಲ್ಲ. ಸವಳು ನೆಲದ ಕಬ್ಬು ಸೋಡಿಯಂ, ಕ್ಲೋರೈಡ್ ಹೆಚ್ಚು ಹೀರುತ್ತದೆ, ರಸದ ಗುಣ ಕೆಡುತ್ತದೆ. ಆ ಉಪ್ಪಿನಲ್ಲಿ ಎಷ್ಟು ಪಾಲು ನಾರಿಗೆ ಅಂಟಿ ಪಲ್ಪಿನವರೆಗೂ ಬರುತ್ತದೆ, ಎಷ್ಟು ತೊಳೆದರೆ ಹೋಗುತ್ತದೆ? ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಜಮಖಂಡಿ, ಮುಧೋಳದ ಯಾವುದಾದರೂ ಕಾಲೇಜಿನ ರಸಾಯನ ವಿಭಾಗದಲ್ಲಿ ತಕ್ಕಡಿ, ಶುದ್ಧ ನೀರು, ವಾಹಕತೆ ಅಳೆಯುವ ಒಂದು ಮೀಟರ್ ಇದ್ದರೆ ಸಾಕು.

ಕೊನೆಗೆ ನಮ್ಮ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನ ಇಂಜಿನಿಯರರಲ್ಲಿ ಒಂದು ಕೋರಿಕೆ. ಸುಟ್ಟ ಟಿಸಿ ಬಿಚ್ಚಿದಾಗ ಅಲ್ಯೂಮಿನಿಯಂಗೆ ಲೆಕ್ಕವಿದೆ, ಎಣ್ಣೆಗೆ ಲೆಕ್ಕವಿದೆ, ಕಾಗದ ಕಸಕ್ಕೆ ಹೋಗುತ್ತದೆ. ಪ್ರತಿ ಟಿಸಿಯಿಂದ ಅಂಗೈಯಷ್ಟು ಕಾಗದ ಎತ್ತಿಟ್ಟು, ಟಿಸಿಯ ವಯಸ್ಸು, ಊರು, ಬ್ರೀದರಿನ ಸ್ಥಿತಿ ಬರೆದು, ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ಸರಪಳಿಯ ಉದ್ದ ಅಳೆಸಿರಿ. ಕಾಗದ ಸತ್ತದ್ದು ಶಾಖದಿಂದಲೋ, ನೀರಿನಿಂದಲೋ, ಇಲ್ಲಾ ಕಾಗದ ಸಾಯದೇ ಸಿಡಿಲಿಗೋ ಶಾರ್ಟಿಗೋ ಟಿಸಿ ಹೋಯಿತೋ ಎಂಬುದು ಆಗ ಊಹೆಯಾಗಿ ಉಳಿಯುವುದಿಲ್ಲ.